ಮಧ್ಯದ ಖಾನೆಯಲ್ಲಿ ಬರೆದ ಹೆಸರು

ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಹುಡುಗಿ ಪರೀಕ್ಷೆ ಪಾಸು ಮಾಡಿ ನೋಂದಣಿ ಇಲಾಖೆಗೆ ಸೇರಿದಳು. ಪೇಡೆ ಕೊಡಲು ಬಂದವಳು, "ಅಂಕಲ್, ನೀವು ಕೂಡ ಅಲ್ಲೇ ಇದ್ರಿ ಅಲ್ವಾ? ಕೆಲ್ಸ ಹೇಗಿರತ್ತೆ? ಬೋರಿಂಗ್ ಹೈ ಕ್ಯಾ?" ಎಂದು ಕೇಳಿದಳು. ಕೇಳಿದ್ದೇ ತಡ, ನಾನು ಒಂದು ಗಂಟೆ ಮಾತನಾಡಿದೆ. ಪಾಪ, ಮಧ್ಯೆ ನಾಲ್ಕು ಸಲ ಮೊಬೈಲ್ ನೋಡಿಕೊಂಡಳು. ಅವಳು ಹೋದ ಮೇಲೆ ನನ್ನ ಹೆಂಡತಿ, "ಇದನ್ನೆಲ್ಲ ಬರೆದಿಡಿ. ಬೇಡದವರಿಗೆ ಎದ್ದು ಹೋಗಲಿಕ್ಕಾದರೂ ಸುಲಭ ಆಗ್ತದೆ" ಎಂದಳು. ಮೂವತ್ತೈದು ವರ್ಷ ನನ್ನ ಆಫೀಸಿನ ಕಥೆ ಕೇಳಿ ದಣಿದವಳ ಮಾತು ಅದು, ತಳ್ಳಿಹಾಕುವಂತಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಮನೆ ಕೊಂಡವರು, ಮಾರಿದವರು, ಮಗಳಿಗೆ ಬರೆದುಕೊಟ್ಟವರು, ತಮ್ಮನಿಗಾಗಿ ಪಾಲು ಬಿಟ್ಟವರು ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಅಲ್ಲಿ ನಾನು ಗುಮಾಸ್ತನಾಗಿದ್ದೆ. ವಡಾಲದಲ್ಲಿ ಹುಟ್ಟಿ, ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿ, ಬಂದರಿನಲ್ಲಿ ಮೂಟೆ ಇಳಿಸುತ್ತಿದ್ದ ಅಪ್ಪನ ಆಸೆಯಂತೆ ಸರಕಾರಿ ಕುರ್ಚಿ ಹತ್ತಿದವನು. ನನ್ನ ಮರಾಠಿ ಕಚೇರಿಯಲ್ಲೇ ಕಲಿತದ್ದು, ಅಲ್ಲೇ ಬೈಸಿಕೊಂಡು ತಿದ್ದಿಕೊಂಡದ್ದು. ಆಫೀಸಿನಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಪಂಚೆ ಉಟ್ಟವರೋ ಇಳಕಲ್ ಸೀರೆಯವರೋ ಬಾಗಿಲಲ್ಲಿ ಕಂಡರೆ ಸಾಕು, "ಸದಾನಂದ, ತುಝಾ ಮಾಣೂಸ್ ಆಲಾ" ಎಂದು ಕೂಗುತ್ತಿದ್ದರು. ನಿನ್ನ ಜನ ಬಂದರು ನೋಡು ಎಂದು. ನನಗೆ ಅದರಲ್ಲಿ ಸಣ್ಣ ಜಂಬವೂ ಇತ್ತು. ಆ ಜಂಬ ನನ್ನಿಂದ ಎಂಥ ಕೆಲಸ ಮಾಡಿಸಿತು ಎನ್ನುವುದೇ ಈ ಬರಹ.

ನಾನು ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಜನ ಕೊಟ್ಟ ದಸ್ತಾವೇಜು ಫೋಟೋ ತೆಗೆಸಲು ಪುಣೆಗೆ ಹೋಗುತ್ತಿತ್ತು. ಹೋದದ್ದು ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿರಲಿಲ್ಲ. ಒಬ್ಬ ಟೈಲರ್ ಪ್ರತಿ ತಿಂಗಳ ಮೊದಲ ಶನಿವಾರ ಬಂದು, "ಪುಣೆಯಿಂದ ಬಂತಾ ಸಾಹೇಬ್?" ಎಂದು ಕೇಳುತ್ತಿದ್ದ. ಹೆರಿಗೆಗೆ ತವರಿಗೆ ಹೋದ ಹೆಂಡತಿಯ ವಿಚಾರ ಕೇಳಿದ ಹಾಗೆ ಇರುತ್ತಿತ್ತು ಅವನ ದನಿ. ವರ್ಷಗಳು ಕಳೆದು ಒಂದು ದಿನ ನಿಜವಾಗಿ ಬಂದಾಗ, ನಾನು ಕೈಗಿತ್ತ ಕಾಗದವನ್ನು ನಂಬದೆ ಅವನು ಎರಡು ಸಲ ಹೆಸರು ಓದಿಸಿಕೊಂಡ. ಮುಂದಿನ ತಿಂಗಳ ಮೊದಲ ಶನಿವಾರವೂ ಬಂದ. ಅಭ್ಯಾಸವಾಗಿ ಹೋಗಿತ್ತಂತೆ. ಇಬ್ಬರೂ ಚಹಾ ಕುಡಿದೆವು.

ಇನ್ನೊಂದು, ಹೆಬ್ಬೆರಳು. ಪಾತ್ರೆ ತಿಕ್ಕಿದವರ, ಸಿಮೆಂಟು ಕಲಸಿದವರ, ಮೂವತ್ತು ವರ್ಷ ಹಿಟ್ಟು ರುಬ್ಬಿದವರ ಹೆಬ್ಬೆರಳಿನಲ್ಲಿ ಗೆರೆ ಉಳಿದಿರುವುದಿಲ್ಲ. ಶಾಯಿಯ ಕಾಲದಲ್ಲಿ ಕಪ್ಪು ಚುಕ್ಕೆ ಮಾತ್ರ ಬೀಳುತ್ತಿತ್ತು, ಈಗ ಮೆಷಿನ್ನು ಕೆಂಪು ದೀಪ ತೋರಿಸಿ ಬೇಡ ಎನ್ನುತ್ತದೆ. ಅಂಥವರ ಬೆರಳನ್ನು ಹಿಡಿದು ಒತ್ತಬೇಡಿ, ಅವರಿಗೆ ಅವಮಾನವಾಗುತ್ತದೆ. ಒಂದು ಗ್ಲಾಸ್ ಬಿಸಿ ಚಹಾ ತರಿಸಿ, ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಕುಡಿಯಲು ಹೇಳಿ. ಬೆರಳು ಮೆತ್ತಗಾಗಿ ಗೆರೆ ಏಳುತ್ತದೆ. ಇದು ಯಾವ ಸುತ್ತೋಲೆಯಲ್ಲೂ ಇಲ್ಲ. ಚಹಾದ ಖರ್ಚು ನಿಮ್ಮದೇ.

ಇದೆಲ್ಲ ಕಲಿಸಿದವರು ನಮ್ಮ ಹೆಡ್ ಕ್ಲರ್ಕ್ ಪರಬ್ ಸಾಹೇಬರು. ತೆಳ್ಳಗಿನ ಮನುಷ್ಯ, ಮೂಗಿನ ತುದಿಗೆ ಕನ್ನಡಕ, ಬೈಯುವಾಗಲೂ ದನಿ ಏರಿಸುತ್ತಿರಲಿಲ್ಲ. "ಕಾಗದದಲ್ಲಿ ಬರೆದದ್ದು ನಿಜವೋ ಸುಳ್ಳೋ ತೀರ್ಮಾನಿಸುವುದು ನಮ್ಮ ಕೆಲಸ ಅಲ್ಲ. ಬರೆದುಕೊಟ್ಟವರು ಇವರೇ ಹೌದೋ, ಒಪ್ಪಿ ಬರೆದುಕೊಟ್ಟರೋ, ಅಷ್ಟು ನೋಡು" ಎನ್ನುತ್ತಿದ್ದರು. ಅದಕ್ಕಾಗಿ ಅವರದೊಂದು ಕಟ್ಟಳೆ ಇತ್ತು. ಹೆಬ್ಬೆಟ್ಟು ಒತ್ತಿಸುವ ಮೊದಲು ಬರೆದ ಹೆಸರುಗಳನ್ನು ಗಟ್ಟಿಯಾಗಿ ಓದಿ ಹೇಳಬೇಕು. ಜನರ ಗಲಾಟೆ ಎಷ್ಟೇ ಇರಲಿ, ಓದಲೇಬೇಕು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮಾರ್ಚ್ ತಿಂಗಳ ಕೊನೆಯ ವಾರ. ಏಪ್ರಿಲಿನಿಂದ ನೋಂದಣಿಯ ದರ ಏರುತ್ತದೆಂದು ಇಡೀ ಮುಂಬಯಿ ನಮ್ಮ ಬಾಗಿಲಿಗೆ ಬಂದು ಬಿದ್ದಿರುವ ಹೊತ್ತು. ನಲವತ್ತರ ಆಸುಪಾಸಿನ ಒಬ್ಬ ಗಂಡಸು, ಒಬ್ಬ ಹೆಂಗಸು ಬಂದರು. ಗಂಡಸಿನ ಹೆಸರು ವಾಸುದೇವ ಹೊಳ್ಳ, ಕುಂದಾಪುರದ ಕಡೆಯವರು, ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಯವರು. ಆಕೆ ಅದೇ ಹೋಟೆಲಿನಲ್ಲಿ ತರಕಾರಿ ಹೆಚ್ಚುವವಳು, ವಿಜಯಪುರದ ಕಡೆಯ ಮಾತು. ವಡಾಲದ ಹಳೆಯ ಬಿಲ್ಡಿಂಗಿನಲ್ಲಿ ಒಂದು ರೂಮು, ಒಂದು ಅಡುಗೆಮನೆ. ಇಬ್ಬರೂ ಸೇರಿ ಕೊಂಡಿದ್ದರು.

ಪ್ರತಿ ದಸ್ತಾವೇಜಿನ ಸಾರವನ್ನು ನಾವು ಒಂದು ಪುಟದಲ್ಲಿ ಬರೆಯುತ್ತಿದ್ದೆವು. ಅದಕ್ಕೆ ಇಂಡೆಕ್ಸ್ ಟೂ ಎನ್ನುತ್ತಾರೆ. ಮುಂಬಯಿಯಲ್ಲಿ ಅದೇ ಮನೆಯ ಜಾತಕ. ಸೊಸೈಟಿಯವರು, ಬ್ಯಾಂಕಿನವರು, ರೇಷನ್ ಆಫೀಸಿನವರು ಮೊದಲು ಕೇಳುವುದು ಅದನ್ನೇ. ಅದರಲ್ಲಿ ಹೆಸರಿಗೆ ಮೂರು ಖಾನೆ. ಮೊದಲು ಸ್ವಂತ ಹೆಸರು, ಮಧ್ಯೆ ತಂದೆಯ ಅಥವಾ ಗಂಡನ ಹೆಸರು, ಕೊನೆಗೆ ಮನೆತನದ ಹೆಸರು. ನಮ್ಮ ಉತ್ತರ ಕರ್ನಾಟಕದ ಬಡವರಿಗೆ, ಮನೆತನದ ಹೆಸರೇ ಇಲ್ಲದವರಿಗೆ, ಈ ಮೂರು ಖಾನೆ ತುಂಬಿಸುವುದೇ ಕಷ್ಟ.

"ಹೆಸರೇನಮ್ಮ?" ಎಂದೆ.

"ಶಾಂತವ್ವ ಅಂತಾರ್ರಿ."

ಬೇರೆ ಗುಮಾಸ್ತನಾಗಿದ್ದರೆ ಆ ಹೆಸರು ಕಿವಿಗೆ ಹತ್ತದೆ ದಸ್ತಾವೇಜು ನೋಡಿ ಬರೆಯುತ್ತಿದ್ದ. ನನಗೆ ಭಾಷೆ ಬರುತ್ತದಲ್ಲ! ಕಾಗದ ತಿರುವಲಿಲ್ಲ. ಪಕ್ಕದಲ್ಲಿ ಅವಳ ಚೀಲ ಹಿಡಿದು, ಅವಳಿಗೆ ಬಿಸಿಲು ಬೀಳದಂತೆ ಕಿಟಕಿಗೆ ಅಡ್ಡ ನಿಂತ ಗಂಡಸನ್ನು ನೋಡಿದೆ. ಮಧ್ಯದ ಖಾನೆಯಲ್ಲಿ ವಾಸುದೇವ ಎಂದೂ ಕೊನೆಯದರಲ್ಲಿ ಹೊಳ್ಳ ಎಂದೂ ಬರೆದೆ. ಆಮೇಲೆ ಕಟ್ಟಳೆಯಂತೆ ಗಟ್ಟಿಯಾಗಿ ಓದಿದೆ. "ಶಾಂತವ್ವ ವಾಸುದೇವ ಹೊಳ್ಳ."

ಹೊಳ್ಳರ ಕಿವಿ ಕೆಂಪಾಯಿತು. ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹಿಂದಿನವರು ತಳ್ಳುತ್ತಿದ್ದರು. ನಾನು ಬೆರಳಿಗೆ ಶಾಯಿ ಹಚ್ಚಿದೆ, ಆಕೆ ಒತ್ತಿದಳು.

ಎರಡು ದಿನ ಬಿಟ್ಟು ಪರಬ್ ಸಾಹೇಬರು ತಾಳೆ ನೋಡುವಾಗ ಸಿಕ್ಕಿಬಿದ್ದೆ. ದಸ್ತಾವೇಜಿನಲ್ಲಿ ಟೈಪಾಗಿದ್ದದ್ದು 'ಶಾಂತವ್ವ ಭೀಮಪ್ಪ' ಎಂದು. ತಂದೆಯ ಹೆಸರು, ಮುಂದೇನೂ ಇಲ್ಲ. "ಈ ಹೊಳ್ಳ ಎಲ್ಲಿಂದ ಬಂದ?" ಎಂದು ಕೇಳಿದರು. ತಿದ್ದಬೇಕಾದರೆ ಆಕೆಯೇ ಬಂದು ತಿದ್ದಿದ ಕಡೆ ಹೆಬ್ಬೆಟ್ಟು ಒತ್ತಬೇಕು. ಕರೆದುಕೊಂಡು ಬಾ ಎಂದರು.

ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಮಾಟುಂಗದ ಆ ಹೋಟೆಲಿಗೆ ಹೋದೆ. ಹೊಳ್ಳರು ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದವರು ನನ್ನ ಮುಖ ನೋಡಿಯೇ ವಿಷಯ ತಿಳಿದುಕೊಂಡರು. "ಕೂಕಣಿ. ಮೊದ್ಲು ತಿನ್ನಿ, ಆಮೇಲೆ ಮಾತು" ಎಂದು ತಾವೇ ದೋಸೆ ತಂದಿಟ್ಟರು. ತಿಂದು ಮುಗಿಸುವ ತನಕ ಎದುರಿಗೆ ಕೂತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಶಾಂತವ್ವ ಈಳಿಗೆಮಣೆಯ ಮುಂದೆ ಕೂತು ಬೀನ್ಸ್ ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

"ನಾವು ಮದುವೆ ಆದವರಲ್ಲ ಮಾರಾಯ್ರೆ" ಎಂದರು ಹೊಳ್ಳರು. "ಅವಳ ಗಂಡ ತೀರಿ, ಅವಳು ಇಲ್ಲಿ ಕೆಲ್ಸಕ್ಕೆ ಸೇರಿ, ಹತ್ತು ವರ್ಷ ಆಯ್ತು. ಊರಲ್ಲಿ ಅಮ್ಮ ಇದ್ದಾರೆ. ತಂಗಿಗೆ ಇನ್ನೂ ಸಂಬಂಧ ಕೂಡಿ ಬರ್ಲಿಲ್ಲ. ಅಡುಗೆ ಭಟ್ಟ ಬೇರೆ ಜಾತಿಯ ವಿಧವೆಯನ್ನ ಮನೆಗೆ ತಂದ ಅಂತ ಗೊತ್ತಾದ್ರೆ ಆ ಹುಡುಗಿಯನ್ನ ಯಾರು ಮಾಡ್ಕೊಳ್ತಾರೆ?"

"ಹಾಗಾದರೆ ತಿದ್ದಿಬಿಡುವಾ. ನಾಳೆ ಕರೆದುಕೊಂಡು ಬನ್ನಿ" ಎಂದೆ.

ಅವರು ಮೇಜಿನ ಮೇಲಿನ ನೀರಿನ ಹನಿಯನ್ನು ಬೆರಳಿನಿಂದ ಒರೆಸಿದರು. "ಅವ್ಳು ಬೇಡ ಅಂತಾಳೆ. ಅವತ್ತು ಮನೆಗೆ ಹೋಗಿ ಹೇಳಿದ್ಳು, ಯಾರೂ ನಮ್ಮಿಬ್ರ ಹೆಸ್ರು ಒಟ್ಟಿಗೆ ಒಂದು ಕಡೆ ಹೇಳಿದ್ದಿಲ್ಲ, ಆ ಸಾಹೇಬ್ರು ನಾಲ್ಕು ಮಂದಿ ಮುಂದೆ ಗಟ್ಟಿಯಾಗಿ ಓದಿದ್ರು, ಅಂತ. ಹಾಗೇ ಇರ್ಲಿ. ನಿಮ್ಗೆ ತೊಂದ್ರೆ ಆಗ್ತದಾ?"

ಸಾಹೇಬರನ್ನು ಕೇಳಿ ನೋಡುತ್ತೇನೆ ಎಂದು ಎದ್ದೆ. ವಾಪಸು ಬಂದು ಪರಬ್ ಸಾಹೇಬರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಪಾರ್ಟಿ ಬಾರದೆ ನಾನು ತಿದ್ದುವ ಹಾಗಿಲ್ಲ. ಆದರೆ ಸದಾ, ಇದು ನಿನ್ನ ತಪ್ಪು, ನಿನ್ನದಾಗಿಯೇ ಇರುತ್ತದೆ. ಎಂದಾದರೊಂದು ದಿನ ಎದ್ದು ಬರುತ್ತದೆ. ಅವತ್ತು ತಲೆ ಮರೆಸಿಕೊಳ್ಳಬೇಡ" ಎಂದರು.

ಬರಲಿಕ್ಕೆ ಇಪ್ಪತ್ತೆಂಟು ವರ್ಷ ಹಿಡಿಯಿತು. ಅಷ್ಟರಲ್ಲಿ ಪರಬ್ ಸಾಹೇಬರು ತೀರಿಕೊಂಡಿದ್ದರು. ಶಾಯಿ ಹೋಗಿ ಮೆಷಿನ್ನು ಬಂದಿತ್ತು, ಪುಣೆಗೆ ಹೋಗಿ ಬರುತ್ತಿದ್ದ ಕಾಗದ ಅರ್ಧ ಗಂಟೆಯಲ್ಲಿ ಸ್ಕ್ಯಾನ್ ಆಗಿ ಕೈಗೆ ಬರುತ್ತಿತ್ತು. ನಾನೂ ಅಲ್ಲಿ ಇಲ್ಲಿ ಸುತ್ತಿ ಬೇರೊಂದು ಕಚೇರಿಯಲ್ಲಿದ್ದೆ. ಒಂದು ಬೆಳಿಗ್ಗೆ ಕೂದಲು ಪೂರಾ ಬೆಳ್ಳಗಾದ ಹೆಂಗಸೊಬ್ಬಳು ಪ್ಲಾಸ್ಟಿಕ್ ಚೀಲ ಎದೆಗವಚಿಕೊಂಡು, ಹಳೆಯ ಕಚೇರಿಯಲ್ಲಿ ವಿಚಾರಿಸಿ ಬಂದು ನನ್ನೆದುರು ನಿಂತಳು.

"ಗುರ್ತ ಸಿಗಲಿಲ್ಲೇನ್ರಿ? ನಾ ಶಾಂತವ್ವ. ಭಟ್ರು ಹೋಗಿ ಎರಡು ವರ್ಸಾತ್ರಿ."

ಭಟ್ರು ಎಂದರೆ ಹೊಳ್ಳರು. ಹೋಟೆಲಿನಲ್ಲಿ ಅಡುಗೆಯವರನ್ನು ಎಲ್ಲರೂ ಹಾಗೆ ಕರೆಯುತ್ತಿದ್ದರು, ಅಷ್ಟು ವರ್ಷ ಜೊತೆಗೆ ಬಾಳಿದ ಮೇಲೂ ಆಕೆ ಹಾಗೇ ಕರೆಯುತ್ತಿದ್ದಳು. ನಾನು ಕೂರಿಸಿ ಚಹಾ ತರಿಸಿದೆ. ಅವರ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ಹಳೆಯ ಮಾಲಕರಿಗೆಲ್ಲ ಹೊಸ ಮನೆ. ಬಿಲ್ಡರನ ವಕೀಲ ಶಾಂತವ್ವನ ಕಾಗದ ನೋಡಿ ಎರಡು ತಕರಾರು ಎತ್ತಿದ್ದ. ದಸ್ತಾವೇಜಿನ ಶಾಂತವ್ವ ಭೀಮಪ್ಪ ಯಾರು, ಇಂಡೆಕ್ಸಿನ ಶಾಂತವ್ವ ವಾಸುದೇವ ಹೊಳ್ಳ ಯಾರು? ಹೆಂಡತಿಯಾದರೆ ಮದುವೆಯ ದಾಖಲೆ ಎಲ್ಲಿ? ಹೆಂಡತಿ ಅಲ್ಲವಾದರೆ ತೀರಿಕೊಂಡವರ ಅರ್ಧ ಪಾಲು ಅವರ ಒಡಹುಟ್ಟಿದವರದ್ದು, ಅವರು ಬಂದು ಬಿಟ್ಟುಕೊಡಬೇಕು. ತಿಂಗಳೊಳಗೆ ಕಾಗದ ಸರಿಯಾಗದಿದ್ದರೆ ಹೊಸ ಬಿಲ್ಡಿಂಗಿನಲ್ಲಿ ಆಕೆಗೆ ಮನೆ ಇಲ್ಲ.

"ಅರ್ಧಾ ಮನ್ಯಾಗ ಹೆಂಗ ಇರ್ಲಿ ಹೇಳ್ರಿ? ನನಗ ಬ್ಯಾರೆ ಜಾಗಾ ಇಲ್ಲ" ಎಂದಳು. ದೂರಿನ ಒಂದು ಮಾತೂ ಇಲ್ಲ. ಆದರೆ ಆ ಇಂಡೆಕ್ಸಿನ ನಕಲಿನಲ್ಲಿದ್ದದ್ದು ನನ್ನ ಕೈಬರಹ. ಇಪ್ಪತ್ತೈದನೇ ವಯಸ್ಸಿನ ನನ್ನ ದುಂಡಗಿನ ಅಕ್ಷರ ನನ್ನನ್ನೇ ದಿಟ್ಟಿಸಿ ನೋಡುತ್ತಿತ್ತು. ನಾಚಿಕೆಯಿಂದ ತಲೆ ತಗ್ಗಿಸಿದೆ.

ಹೊಳ್ಳರಿಗೆ ಉಳಿದವಳು ತಂಗಿ ಒಬ್ಬಳೇ, ಪದ್ಮಾವತಿ. ಮದುವೆಯಾಗಿ ಮುಂಬಯಿಗೇ ಬಂದು, ಈಗ ಪವಾಯಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ತಂಗಿಯ ಮದುವೆ ಮುಗಿದ ಮೇಲಾದರೂ ಹೇಳಬಹುದಿತ್ತಲ್ಲ ಎಂದೆ. "ಮುಂದಿನ ದೀಪಾವಳಿಗಿ ಹೇಳ್ತೀನಿ, ಮುಂದಿನ ದೀಪಾವಳಿಗಿ ಹೇಳ್ತೀನಿ ಅಂತಿದ್ರು. ಹಂಗಽ ಹೋದ್ರು ನೋಡ್ರಿ" ಎಂದಳು ಶಾಂತವ್ವ. ತಂಗಿಯ ಮಟ್ಟಿಗೆ ಅಣ್ಣ ಹೋಟೆಲಿನ ಅಟ್ಟದಲ್ಲಿ ಮಲಗುವ ಒಂಟಿ ಮನುಷ್ಯ.

ಪಾರ್ಟಿಯ ಮನೆಗೆ ಹೋಗುವುದು ಗುಮಾಸ್ತನ ಕೆಲಸವಲ್ಲ, ನೀವು ಯಾರೂ ಹಾಗೆ ಮಾಡಬೇಡಿ. ನಾನು ಹೋದೆ. ಭಾನುವಾರ ವಡಾಲದಿಂದ ಲೋಕಲ್ ಹಿಡಿದು ಕುರ್ಲಾದಲ್ಲಿ ಬದಲಿಸಿ, ಕಾಂಜೂರ್‌ಮಾರ್ಗ್‌ನಲ್ಲಿ ಇಳಿದು ರಿಕ್ಷಾ ಮಾಡಿದೆ. ಹದಿನಾಲ್ಕನೇ ಮಹಡಿ, ಕಿಟಕಿಯಲ್ಲಿ ಕೆರೆ. ಪದ್ಮಾವತಿಯವರು ಅಣ್ಣನದೇ ಅಚ್ಚು, ಅದೇ ಅಗಲ ಹಣೆ. ನಾನು ಬಂದ ಕಾರಣ ಹೇಳಿದೆ. ಇಂಡೆಕ್ಸಿನ ನಕಲು ಮುಂದಿಟ್ಟೆ. ಆ ಹೆಸರು ಬರೆದವನು ನಾನು, ಕೇಳದೆ ತಪ್ಪಾಗಿ ಬರೆದೆ ಎಂದೂ ಒಪ್ಪಿಕೊಂಡೆ.

"ನೀವು ತಪ್ಪು ಬರೆದದ್ದಾ?" ಅವರ ದನಿ ಗಟ್ಟಿಯಾಯಿತು. "ಅಂದ್ರೆ ಆ ಹೆಂಗ್ಸು ಅಣ್ಣಯ್ಯನ ಹೆಂಡ್ತಿ ಅಲ್ಲ?"

ತಲೆ ಮರೆಸಿಕೊಳ್ಳಬಾರದೆಂದು ನಿಜ ಹೇಳಿದ್ದೆ. ಆ ನಿಜವೇ ಶಾಂತವ್ವನನ್ನು ಬೀದಿಗೆ ಹಾಕುವಂತೆ ಕಂಡಿತು. ಒಳಗಿನ ಕೋಣೆಯಿಂದ ಲ್ಯಾಪ್‌ಟಾಪ್ ಹಿಡಿದೇ ಬಂದ ಮಗಳು, "ಮಮ್ಮೀ, ಲೀಗಲಿ ಆಧಾ ತೋ ಅಪ್ನಾ ಹೈ ನಾ?" ಎಂದಳು. ಕಾನೂನಿನಂತೆ ಅರ್ಧ ನಮ್ಮದೇ ಅಲ್ಲವಾ ಎಂದು. ಕೆಟ್ಟ ಹುಡುಗಿಯಲ್ಲ, ಇದ್ದದ್ದನ್ನು ಹೇಳಿದಳು. ನಾನು ಹೊಳ್ಳರು ಅಂದು ಹೋಟೆಲಿನಲ್ಲಿ ಹೇಳಿದ್ದನ್ನೆಲ್ಲ ಹೇಳಿದೆ. ತಂಗಿಗೆ ಸಂಬಂಧ ಕೂಡಿ ಬರಬೇಕೆಂದು ಅವರು ಸುಮ್ಮನಿದ್ದದ್ದು, ಹೆಸರು ಹಾಗೇ ಇರಲಿ ಎಂದು ಶಾಂತವ್ವ ಕೇಳಿಕೊಂಡದ್ದು, ಒಂದನ್ನೂ ಬಿಡಲಿಲ್ಲ.

ಪದ್ಮಾವತಿಯವರು ಕಾಗದವನ್ನು ದೂರ ಸರಿಸಿದರು. ಅಳುತ್ತಾರೆಂದುಕೊಂಡೆ. ಸಿಟ್ಟು ಬಂದಿತ್ತು ಅವರಿಗೆ.

"ಪ್ರತಿ ದೀಪಾವಳಿಗೆ ಬರ್ತಿದ್ದ. ಹೋಗುವಾಗ ಚಕ್ಕುಲಿ, ಉಂಡೆ ಕಟ್ಟಿ ಕೊಡ್ತಿದ್ದೆ. ನಿನ್ನ ರೂಮಿಗೆ ಬರ್ತೆ ಅಂದ್ರೆ, ಅಲ್ಲಿ ಗಂಡಸ್ರು ಮಾತ್ರ ಇರೂದು ಅಂತಿದ್ದ. ಅಂವ ಒಬ್ನೇ ಅಲ್ದಾ ಅಂತ ಇಪ್ಪತ್ತೈದು ವರ್ಷ ನಾನು ಒಬ್ರಿಗೆ ಆಗುವಷ್ಟೇ ಕಟ್ಟಿ ಕೊಟ್ಟೆ." ಆಮೇಲೆ ನನ್ನತ್ತ ನೋಡದೆ, "ನೀವು ಹೋಯ್ನಿ. ನಂಗೆ ಯೋಚ್ನೆ ಮಾಡ್ಬೇಕು" ಎಂದರು.

ಒಂದು ವಾರ ಕಳೆಯಿತು. ಎರಡು ಕಳೆದವು. ಶಾಂತವ್ವ ದಿನ ಬಿಟ್ಟು ದಿನ ಬಂದು ಬೆಂಚಿನ ಮೇಲೆ ಕೂತು ಹೋಗುತ್ತಿದ್ದಳು. ಒಂದು ದಿನ, "ಆ ಹೆಸರ ತಗದ್ರ ಮನಿ ಉಳೀತೈತಿ ಅಂದ್ರ ತಗದುಬಿಡ್ರಿ ಸಾಹೇಬ್ರ. ಇಷ್ಟ ದಿವಸ ಇತ್ತಲ್ಲ, ಸಾಕು" ಎಂದಳು. ಮನೆಗೆ ಹೋಗಿ ನನ್ನ ಹೆಂಡತಿಗೆ ಇದನ್ನು ಹೇಳಿದಾಗ ಅವಳು ಬಡಿಸುತ್ತಿದ್ದ ಸೌಟು ಹಾಗೇ ಹಿಡಿದು ನಿಂತಳು.

ಗಡುವಿಗೆ ಇನ್ನೂ ನಾಲ್ಕು ದಿನ ಇದೆ ಎನ್ನುವಾಗ ಪದ್ಮಾವತಿಯವರು ಬಂದರು. ವಕೀಲರಿಂದ ಕಾಗದ ಮಾಡಿಸಿಕೊಂಡೇ ಬಂದಿದ್ದರು. ಹಕ್ಕು ಬಿಡುಗಡೆ ಪತ್ರ. ತಲೆಬರಹ ಓದಿ ನನಗೆ ಕಣ್ಣು ಮಂಜಾಯಿತು. ಅಣ್ಣನ ಅರ್ಧ ಪಾಲನ್ನು ಪೂರಾ ಬಿಟ್ಟುಕೊಟ್ಟಿದ್ದರು. ಮನೆ ಉಳಿಯಿತು. ಆದರೆ ಕೆಳಗೆ ಓದುತ್ತಾ ಹೋದರೆ ಬರೆದದ್ದು 'ಸಹ ಮಾಲಕಿ ಶಾಂತವ್ವ ಭೀಮಪ್ಪ' ಎಂದು ಮಾತ್ರ. ವಕೀಲರು ಮೂಲ ದಸ್ತಾವೇಜು ನೋಡಿ ಸರಿಯಾಗಿಯೇ ಬರೆದಿದ್ದರು. ನಾನು ಇಪ್ಪತ್ತೆಂಟು ವರ್ಷದ ಹಿಂದೆ ಮಾಡಬೇಕಾಗಿದ್ದದ್ದು ಅದನ್ನೇ.

ಇಬ್ಬರೂ ಹೆಂಗಸರು ಬೆಂಚಿನ ಎರಡು ತುದಿಗಳಲ್ಲಿ ಕೂತಿದ್ದರು. ನನ್ನ ಕೈಯಿಂದ ಆ ಹೆಸರನ್ನು ಇನ್ನೊಮ್ಮೆ ಮುಟ್ಟುವುದು ಬೇಡವೆಂದು ಪಕ್ಕದ ಕೌಂಟರಿನ ಹುಡುಗಿಗೆ ಕಾಗದ ಕೊಟ್ಟೆ. ಮೂರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದವಳು, ಚುರುಕು. ಟೋಕನ್ ಕರೆದಳು, ಇಬ್ಬರೂ ಬಂದು ನಿಂತರು. ಅವಳು ಪರದೆಯನ್ನೂ ಕಾಗದವನ್ನೂ ಎರಡೆರಡು ಸಲ ನೋಡಿದಳು.

"ಆಜೀ, ಹಳೇ ಇಂಡೆಕ್ಸಿನಲ್ಲಿ ನಿಮ್ಮ ಹೆಸರು ಬೇರೆ ಇದೆ" ಎಂದು ಹಿಂದಿಯಲ್ಲಿ ಹೇಳಿದಳು. "ಈ ಮಧ್ಯದ ಖಾನೆಯಲ್ಲಿ ಏನು ಬರೆಯಲಿ? ಗಂಡನ ಹೆಸರೇನು?"

ನೋಡಿ, ಎಷ್ಟು ಸುಲಭದ ಪ್ರಶ್ನೆ. ನಾನು ಕೇಳಿರಲಿಲ್ಲ.

ಶಾಂತವ್ವ ಪದ್ಮಾವತಿಯವರ ಕಡೆ ನೋಡಲಿಲ್ಲ. ಕೌಂಟರಿನ ಅಂಚು ಹಿಡಿದುಕೊಂಡಳು. "ಖಾಲೀ ಛೋಡ್ ದೋ ಬೇಟಾ" ಎಂದಳು.

"ಎಂತಕ್ಕೆ ಖಾಲಿ ಬಿಡೂದು?" ಪದ್ಮಾವತಿಯವರ ದನಿಗೆ ಇಡೀ ಆಫೀಸು ತಿರುಗಿ ನೋಡಿತು. ಹುಡುಗಿಯ ಕಡೆ ಬಾಗಿ ಒಂದೊಂದೇ ಮಾತನ್ನು ಬಿಡಿಸಿ ಹಿಂದಿಯಲ್ಲಿ ಹೇಳಿದರು. "ಲಿಖೋ. ವಾಸುದೇವ ಹೊಳ್ಳ. ಮೇರಾ ಭಾಈ."

ಹುಡುಗಿ ಗೊಂದಲದಿಂದ ನನ್ನತ್ತ ನೋಡಿದಳು. ಹಾಗೆ ಬರೆಯಬೇಕಾದರೆ ಕಾಗದದಲ್ಲೂ ಹಾಗೇ ಇರಬೇಕು, 'ಶಾಂತವ್ವ ಭೀಮಪ್ಪ ಉರ್ಫ್ ಶಾಂತವ್ವ ವಾಸುದೇವ ಹೊಳ್ಳ' ಎಂದು ಎರಡೂ ಹೆಸರು ಸೇರಿಸಿ ಟೈಪು ಮಾಡಿಸಬೇಕು, ಇವತ್ತಿನ ಟೋಕನ್ ಹೋಗುತ್ತದೆ ಎಂದು ನಾನು ವಿವರಿಸಿದೆ.

"ಹೋಗ್ಲಿ. ಸಂಜೆ ಆಗ್ಲಿ, ನಾಳೆ ಆಗ್ಲಿ" ಎಂದರು ಪದ್ಮಾವತಿ. "ಎರಡು ಹೆಸ್ರು ಸಾಲೂದಿಲ್ಲ. ಸಹ ಮಾಲಕಿ ಅಂತ ಉಂಟಲ್ಲ, ಅದನ್ನ ತೆಗೀರಿ. ನನ್ನ ಅಣ್ಣಯ್ಯನ ಹೆಂಡ್ತಿ ಅಂತ ಬರೀಲಿ. ಬರೆದುಕೊಡೂದು ನಾನು ಅಲ್ದಾ?"

ಹೌದು, ಬರೆದುಕೊಡುವವರು ಅವರು. ಬರೆದುಕೊಟ್ಟವರು ಇವರೇ ಹೌದೋ, ಒಪ್ಪಿ ಬರೆದುಕೊಟ್ಟರೋ, ಅಷ್ಟನ್ನು ನೋಡುವವರು ನಾವು. ಗೇಟಿನ ಬಳಿ ಕೂರುವ ಏಜಂಟನಿಗೆ ಕಾಗದ ಕೊಟ್ಟು ಕಳಿಸಿ ತಿರುಗಿದರೆ ಶಾಂತವ್ವ ಇನ್ನೂ ಕೌಂಟರಿನ ಅಂಚು ಹಿಡಿದೇ ನಿಂತಿದ್ದಳು.

"ಭಟ್ರು ಹೋದಾಗ ಮಣ್ಣಿಗಿ ಬಂದು ನೀವು ಮುಂದ ನಿಂತಿದ್ರಿ ಬಾಯಾರ" ಎಂದಳು ಪದ್ಮಾವತಿಯವರಿಗೆ. "ನಾ ಹೋಟೆಲ್ ಮಂದಿ ಹಿಂದ ನಿಂತಿದ್ನಿ. ಕಾಯಿಪಲ್ಲೆ ಹೆಚ್ಚಾಕಿ ಯಾಕ ಅಳತಾಳ ಅಂತ ಯಾರರೆ ಕೇಳಿದ್ರ ಏನ ಹೇಳ್ಲಿ? ಹಲ್ಲ ಕಚ್ಚಿ ನಿಂತಿದ್ನಿ. ಮನಿಗಿ ಬಂದ್ರ ಅಲ್ಲೂ ಬಾಜೂದವರಿಗೆ ಕೇಳಸ್ತೈತಿ ಅಂತ ಅಳಲಿಲ್ಲ."

ಪದ್ಮಾವತಿಯವರು ಅವಳ ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿ, ತಾವೂ ಅಂಟಿಕೊಂಡು ಕೂತರು.

"ಈಗ ಅಳಿ ಅತ್ತಿಗೆ. ಯಾರು ಎಂತ ಕೇಳ್ತ್ರು, ನಾನೂ ಕಾಂಬೆ."

ಯಾರೂ ಏನೂ ಕೇಳಲಿಲ್ಲ. ಸಾಲಿನಲ್ಲಿದ್ದವರು ತಮ್ಮ ತಮ್ಮ ಕಾಗದ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ಕೌಂಟರಿನ ಹುಡುಗಿ ಮುಂದಿನ ಟೋಕನ್ ಕರೆಯಲಿಲ್ಲ, ನಾನೂ ಕರೆ ಎಂದು ಹೇಳಲಿಲ್ಲ.